ಮಾಸ್ಕೋದಲ್ಲಿ ಸಿಕ್ಕ ಬರ್ಲಿನ್ ಕಡತಗಳು

ಹಿಟ್ಲರ್‌ಗಿಂತ ಮುಂಚಿನ ಜರ್ಮನಿಯ ಯೆಹೂದಿಗಳ ಮಾತು ಬಂದರೆ ತೀರ್ಪೊಂದು ಎಲ್ಲರ ನಾಲಿಗೆಯ ಮೇಲೂ ಸಿದ್ಧವಾಗಿರುತ್ತದೆ. ಕಣ್ಣೆದುರಿನ ಅಪಾಯ ಅವರಿಗೆ ಕಾಣಲಿಲ್ಲ, ಜರ್ಮನರೆನಿಸಿಕೊಳ್ಳುವ ಹಂಬಲದಲ್ಲಿ ಕುರುಡಾದರು, ಕೈಕಟ್ಟಿ ಕೂತರು ಎನ್ನುತ್ತಾರೆ. ಪುಸ್ತಕಗಳಲ್ಲಿ ಇದನ್ನು ಓದಿದ್ದೇನೆ, ವಿಚಾರ ಸಂಕಿರಣಗಳಲ್ಲಿ ಕೇಳಿದ್ದೇನೆ. ಹಾಗೆ ಹೇಳುವವರು ಯಾವ ದಾಖಲೆ ನೋಡಿ ಹೇಳುತ್ತಾರೆಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರ ಇರಬೇಕಾದ ಜಾಗವೇನೋ ಗೊತ್ತಿತ್ತು. 1893ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ‘ಯೆಹೂದಿ ಧರ್ಮದ ಜರ್ಮನ್ ಪ್ರಜೆಗಳ ಕೇಂದ್ರ ಸಂಘ’ದ ಕಚೇರಿಯೇ ಆ ಜಾಗ. ನಲವತ್ತೈದು ವರ್ಷ ಅದು ಯೆಹೂದಿ ದ್ವೇಷದ ವಿರುದ್ಧ ಕಾಗದ ಬರೆಯಿತು, ಮೊಕದ್ದಮೆ ಹೂಡಿತು, ಪತ್ರಿಕೆ ನಡೆಸಿತು. 1938ರ ನವೆಂಬರ್ 9ರ ರಾತ್ರಿ ಜರ್ಮನಿಯ ಉದ್ದಗಲಕ್ಕೂ ಯೆಹೂದಿ ಪ್ರಾರ್ಥನಾ ಮಂದಿರಗಳು ಉರಿದವು. ಅದರ ಬೆನ್ನಿಗೇ ಸಂಘ ಮುಚ್ಚಿತು. ಕಚೇರಿಯ ಕಡತಗಳು ನಾಜಿ ಪೊಲೀಸರ ಪಾಲಾದವು.

ಮುಂದೆ ಅರ್ಧ ಶತಮಾನ ಆ ಕಡತಗಳ ಸುಳಿವೇ ಇರಲಿಲ್ಲ. 1968ರಲ್ಲಿ ಹಾಂಬುರ್ಗ್‌ನಿಂದ ಪ್ರಕಟವಾದ ಆರ್ನಾಲ್ಡ್ ಪೌಕರ್ ಅವರ ಗ್ರಂಥ ಈ ಸಂಘದ ಹೋರಾಟದ ಮೊದಲ ಗಟ್ಟಿ ಚರಿತ್ರೆ. ಬರ್ಲಿನ್ನಿನಲ್ಲಿ ಹುಟ್ಟಿ ಲಂಡನ್ನಿನ ಲಿಯೋ ಬೆಕ್ ಸಂಸ್ಥೆಯನ್ನು ದಶಕಗಳ ಕಾಲ ನಡೆಸಿದ ಪೌಕರ್, ಬದುಕುಳಿದವರ ನೆನಪು, ಅವರ ಪೆಟ್ಟಿಗೆಗಳಲ್ಲಿ ಉಳಿದ ಕಾಗದ, ಅಚ್ಚಾದ ಪತ್ರಿಕೆಗಳು ಇವಿಷ್ಟರಿಂದಲೇ ಅದನ್ನು ಕಟ್ಟಿದರು. ಸಂಘದ ಸ್ವಂತ ಕಡತ ಒಂದೂ ಅವರ ಕೈಯಲ್ಲಿರಲಿಲ್ಲ. ಹಾಗಾಗಿ ನಾನೂ ಅಚ್ಚಿನಿಂದಲೇ ಶುರುಮಾಡಿದೆ. ಸಂಘದ ಮಾಸಿಕ ‘ಇಮ್ ಡಾಯ್ಚನ್ ರೈಶ್’ 1895ರಿಂದ 1922ರವರೆಗೆ ಹೊರಬಂತು. ಆಮೇಲೆ ವಾರಪತ್ರಿಕೆ ‘ಸಿ.ವಿ. ಸೈಟುಂಗ್’ 1938ರವರೆಗೆ ನಡೆಯಿತು. ಫ್ರಾಂಕ್‌ಫರ್ಟ್ ವಿಶ್ವವಿದ್ಯಾಲಯದ ಗ್ರಂಥಾಲಯ ಎರಡನ್ನೂ ಡಿಜಿಟಲ್ ರೂಪದಲ್ಲಿ ತೆರೆದಿಟ್ಟಿರುವುದರಿಂದ ಬೆಂಗಳೂರಿನಲ್ಲಿ ಕುಳಿತೇ ಪುಟ ತಿರುವಬಹುದು.

ಮೊದಲು ಹುಡುಕಿದ್ದು ಸಂಘದ ಹುಟ್ಟಿಗೆ ಕಾರಣವೇನೆಂಬುದನ್ನು. ಕಾನೂನಿನ ಮಟ್ಟಿಗೆ ಜರ್ಮನ್ ಯೆಹೂದಿಗಳು 1869ರ ಜುಲೈ 3ರ ಶಾಸನದಿಂದಲೇ ಸಮಾನರು. ಉತ್ತರ ಜರ್ಮನ್ ಒಕ್ಕೂಟದ ಆ ಶಾಸನ 1871ರಲ್ಲಿ ಇಡೀ ಸಾಮ್ರಾಜ್ಯಕ್ಕೆ ವಿಸ್ತರಿಸಿತು. ಆದರೆ 1885ರ ನಂತರ ಮೊದಲ ಮಹಾಯುದ್ಧದವರೆಗೆ, ಸಾಮ್ರಾಜ್ಯದ ಅತಿ ದೊಡ್ಡ ರಾಜ್ಯವಾದ ಪ್ರಷ್ಯದ ಸೇನೆ ಒಬ್ಬ ಯೆಹೂದಿಯನ್ನೂ ಮೀಸಲು ಅಧಿಕಾರಿಯಾಗಿ ತೆಗೆದುಕೊಳ್ಳಲಿಲ್ಲ. 1891ರಲ್ಲಿ ಕ್ಸಾಂಟನ್ ಎಂಬ ಊರಿನಲ್ಲಿ ಒಂದು ಮಗುವಿನ ಕೊಲೆಯಾದಾಗ, ಯೆಹೂದಿಗಳು ಧಾರ್ಮಿಕ ವಿಧಿಗಾಗಿ ಕ್ರೈಸ್ತ ಮಕ್ಕಳ ರಕ್ತ ಹರಿಸುತ್ತಾರೆಂಬ ಮಧ್ಯಯುಗದ ಸುಳ್ಳು ಮತ್ತೆ ತಲೆಯೆತ್ತಿತು. ಆರೋಪ ಹೊತ್ತ ಅಡಾಲ್ಫ್ ಬುಷ್‌ಹಾಫ್ ಮರುವರ್ಷ ನಿರ್ದೋಷಿಯೆಂದು ಬಿಡುಗಡೆಯಾದ, ಆದರೆ ಹರಡಿದ ಸುಳ್ಳು ಅಡಗಲಿಲ್ಲ. 1892ರ ಡಿಸೆಂಬರ್‌ನಲ್ಲಿ ಕನ್ಸರ್ವೇಟಿವ್ ಪಕ್ಷವು ಬರ್ಲಿನ್ನಿನ ಟಿವೋಲಿ ಸಭಾಂಗಣದಲ್ಲಿ ಯೆಹೂದಿ ದ್ವೇಷವನ್ನು ತನ್ನ ಅಧಿಕೃತ ಕಾರ್ಯಕ್ರಮಕ್ಕೆ ಸೇರಿಸಿಕೊಂಡಿತು. ಬೀದಿ ಮಾತು ಆಳುವವರ ಪಕ್ಷದ ಮಾತಾಯಿತು. ಮರುವರ್ಷದ ಚುನಾವಣೆಯಲ್ಲಿ ಯೆಹೂದಿ ವಿರೋಧಿ ಪಕ್ಷಗಳ 16 ಮಂದಿ ಸಂಸತ್ತಿಗೆ ಆರಿಸಿ ಬಂದರು.

ಬರ್ಲಿನ್ ಯೆಹೂದಿ ಸಮುದಾಯದ ಹಿರಿಯರು ಚಕ್ರವರ್ತಿ ಕೈಸರ್‌ನ ಬಳಿ ಹೋಗಿ ರಕ್ಷಣೆ ಬೇಡೋಣವೆಂದು ಯೋಚಿಸುತ್ತಿದ್ದರು. ಆಗ, 1893ರ ಜನವರಿಯಲ್ಲಿ, ಹೆಸರಿಲ್ಲದ ಕಿರುಹೊತ್ತಗೆಯೊಂದು ಹೊರಬಂತು. ಬರೆದವರು ರಾಫೆಲ್ ಲೋವನ್‌ಫೆಲ್ಡ್. ಟಾಲ್‌ಸ್ಟಾಯ್ ಅವರನ್ನು ಜರ್ಮನ್‌ಗೆ ತಂದವರು, ಮರುವರ್ಷ ಬರ್ಲಿನ್ನಿನಲ್ಲಿ ಶಿಲ್ಲರ್ ರಂಗಮಂದಿರ ಸ್ಥಾಪಿಸಿದವರು. ಅವರ ವಾದ ಸರಳವಾಗಿತ್ತು, ಅಷ್ಟೇ ನಿಷ್ಠುರವಾಗಿತ್ತು. ಹಿಂದಿನ ಕಾಲದಲ್ಲಿ ದೊರೆಗಳು ಯೆಹೂದಿಗಳಿಗೆ ಹಣ ಪಡೆದು ರಕ್ಷಣಾಪತ್ರ ಬರೆದುಕೊಡುತ್ತಿದ್ದರು. ಈಗ ನಾವು ಪ್ರಜೆಗಳು. ಪ್ರಜೆ ಅರ್ಜಿ ಹಿಡಿದು ಅರಮನೆಯ ಬಾಗಿಲಿಗೆ ಹೋಗುವುದಿಲ್ಲ, ನ್ಯಾಯಾಲಯದ ಮೆಟ್ಟಿಲು ಹತ್ತುತ್ತಾನೆ. ಅದೇ ವರ್ಷ ಮಾರ್ಚ್ 26ರಂದು ಕೇಂದ್ರ ಸಂಘ ಹುಟ್ಟಿತು. ಮಾಕ್ಸಿಮಿಲಿಯನ್ ಹೋರ್ವಿಟ್ಸ್, ಯುಗೆನ್ ಫುಕ್ಸ್ ಮೊದಲಾದ ವಕೀಲರು ಅದರ ಮುಂದಾಳುಗಳು. ಸಮಾನತೆಯನ್ನು ಕಾಪಾಡುವುದು, ಜರ್ಮನ್ ಮನೋಭಾವವನ್ನು ಬಿಡದೆ ಬೆಳೆಸುವುದು ಎಂಬ ಎರಡು ಗುರಿಗಳನ್ನು ಅವರು ಸಂಘದ ನಿಯಮಾವಳಿಯ ಮೊದಲ ಕಲಮಿನಲ್ಲೇ ಒಟ್ಟಿಗೆ ಬರೆದರು. ಇದು ಅಂಗಲಾಚುವವರ ಭಾಷೆಯಲ್ಲ. ಈ ನೆಲ ನಮ್ಮದೂ ಹೌದು, ಹಾಗಾಗಿ ನಮ್ಮ ಹಕ್ಕನ್ನು ಇಲ್ಲಿನ ಕಾನೂನಿನಿಂದಲೇ ಪಡೆಯುತ್ತೇವೆ ಎನ್ನುವವರ ಭಾಷೆ.

ಸಂಪುಟಗಳನ್ನು ತಿರುವುತ್ತ ಹೋದರೆ ಮತ್ತೆ ಮತ್ತೆ ಎದುರಾಗುವುದು ಕೋರ್ಟು ವರದಿಗಳು. ದಂಡಸಂಹಿತೆಯಲ್ಲಿ ಅವರು ಹಿಡಿದ ಕಲಮುಗಳು ಮೂರು: ವರ್ಗಗಳ ನಡುವೆ ಹಗೆ ಎಬ್ಬಿಸುವುದರ ವಿರುದ್ಧ 130, ಧಾರ್ಮಿಕ ಸಮುದಾಯದ ನಿಂದನೆಗೆ 166, ವ್ಯಕ್ತಿಯ ಅವಮಾನಕ್ಕೆ 185. ಮೂರರಲ್ಲೂ ತೊಡಕಿತ್ತು. ಒಬ್ಬ ಯೆಹೂದಿಯನ್ನು ಹೆಸರಿಟ್ಟು ಬೈದರೆ ಮೊಕದ್ದಮೆ ನಿಲ್ಲುತ್ತಿತ್ತು. ಯೆಹೂದಿಗಳೆಲ್ಲರನ್ನೂ ಒಟ್ಟಿಗೆ ಬೈದರೆ, ಇಡೀ ಜನಸಮೂಹಕ್ಕೆ ಅವಮಾನವೆಂಬುದು ಕಾನೂನಿನ ಲೆಕ್ಕಕ್ಕೆ ಬರುವುದಿಲ್ಲ ಎಂದು ನ್ಯಾಯಾಲಯಗಳು ಕೈಚೆಲ್ಲುತ್ತಿದ್ದವು. ಹೀಗಿದ್ದೂ ಸಂಘ ಬಿಡಲಿಲ್ಲ. 1929ರಲ್ಲಿ ನ್ಯೂರೆಂಬರ್ಗ್‌ನಲ್ಲಿ ‘ಡೆರ್ ಸ್ಟ್ಯುರ್ಮರ್’ ಎಂಬ ನಾಜಿ ಪತ್ರಿಕೆಯ ಯೂಲಿಯಸ್ ಸ್ಟ್ರೈಶರ್ ಧರ್ಮನಿಂದನೆಗಾಗಿ ಜೈಲುಶಿಕ್ಷೆಗೆ ಗುರಿಯಾದ. ಬರ್ಲಿನ್ನಿನ ಉಪ ಪೊಲೀಸ್ ಅಧ್ಯಕ್ಷ ಬರ್ನ್‌ಹಾರ್ಡ್ ವೈಸ್ ಅವರಿಗೆ ನಾಜಿ ಮುಖಂಡ ಗೋಬೆಲ್ಸ್ ತನ್ನ ಪತ್ರಿಕೆಯಲ್ಲಿ ‘ಇಸಿಡೋರ್’ ಎಂಬ ಅಡ್ಡಹೆಸರಿಟ್ಟು ವಾರವಾರವೂ ಹೀಯಾಳಿಸುತ್ತಿದ್ದ. ವೈಸ್ ಮೇಲಿಂದ ಮೇಲೆ ದಾವೆ ಹೂಡಿದರು, ಗೆದ್ದರು. 1928ರಲ್ಲಿ ಗೋಬೆಲ್ಸ್ ಸಂಸದನಾದ ಮೇಲೆ ಆ ಸ್ಥಾನವೇ ಅವನಿಗೆ ಕವಚವಾಯಿತು. ತೀರ್ಪುಗಳು ಸರಿಯಾಗಿದ್ದವು. ಅವುಗಳ ಹಿಂದೆ ನಿಲ್ಲಬೇಕಾದ ರಾಜ್ಯ ನಿಲ್ಲಲಿಲ್ಲ.

ನನ್ನನ್ನು ಬಹಳ ಹಿಡಿದು ನಿಲ್ಲಿಸಿದ್ದು ಮಾತ್ರ ದೊಡ್ಡ ಮೊಕದ್ದಮೆಗಳಲ್ಲ. ಬೇಸಿಗೆ ಬಂತೆಂದರೆ ಸಂಘದ ಪತ್ರಿಕೆ ಒಂದು ಪಟ್ಟಿ ಅಚ್ಚು ಹಾಕುತ್ತಿತ್ತು. ಯಾವ ಊರಿನ ಯಾವ ಹೋಟೆಲು ಯೆಹೂದಿಗಳನ್ನು ಒಳಗೆ ಬಿಡುವುದಿಲ್ಲ, ಯಾವ ಕಡಲತೀರಕ್ಕೆ ಹೋದರೆ ಅವಮಾನ ಕಾದಿದೆ ಎಂಬ ಪಟ್ಟಿ. ಮಕ್ಕಳು ಮರಿಗಳನ್ನು ಕಟ್ಟಿಕೊಂಡು ರಜೆಗೆ ಹೊರಟ ಸಂಸಾರವೊಂದು ರೈಲು ಹತ್ತುವ ಮೊದಲು ಈ ಪಟ್ಟಿಯಲ್ಲಿ ಬೆರಳಾಡಿಸಬೇಕಿತ್ತು. ಪಟ್ಟಿಯಲ್ಲಿ ಉತ್ತರ ಸಮುದ್ರದ ಬೋರ್ಕುಮ್ ದ್ವೀಪ ಖಾಯಂ. ಅಲ್ಲಿನ ವಾದ್ಯಗೋಷ್ಠಿ ದಿನವೂ ಒಂದು ರಾಗ ನುಡಿಸುತ್ತಿತ್ತು, ಸೇರಿದ ಪ್ರವಾಸಿಗರು ಎದ್ದುನಿಂತು ಯೆಹೂದಿಗಳು ತೊಲಗಲಿ ಎಂಬ ಹಾಡನ್ನು ಅದಕ್ಕೆ ಹೊಂದಿಸಿ ಹಾಡುತ್ತಿದ್ದರು. ಹಾಡಿಸುತ್ತಿದ್ದವರಲ್ಲಿ ಮುಂದಾಳು ಲುಡ್ವಿಗ್ ಮ್ಯುನ್ಶ್‌ಮೆಯರ್ ಎಂಬ ಪಾದ್ರಿ. ಪ್ರಷ್ಯದ ಆಡಳಿತ ಹಾಡನ್ನು ತಡೆಯಲು ಹೊರಟಾಗ ವಿವಾದ ಕೋರ್ಟಿಗೇ ಹೋಯಿತು.

ಸಂಘ ಈ ಪಾದ್ರಿಯ ಬೆನ್ನು ಹತ್ತಿತು. ಅವನ ನಡತೆಯ ಬಣ್ಣ ಬಯಲು ಮಾಡುವ ಒಂದು ಕಿರುಹೊತ್ತಗೆ ಹೊರಬಂತು. ಅವನು ಮಾನನಷ್ಟದ ದಾವೆ ಹೂಡಿದ. 1926ರಲ್ಲಿ ಎಂಡೆನ್ ಪಟ್ಟಣದ ನ್ಯಾಯಾಲಯದಲ್ಲಿ ಸಂಘದ ವಕೀಲ ಬ್ರೂನೋ ವೈಲ್ ಒಂದೊಂದೇ ಆರೋಪವನ್ನು ಸಾಕ್ಷಿಸಮೇತ ಬಿಡಿಸಿಟ್ಟರು. ದಾವೆ ಹೂಡಿದವನ ಮಾನವೇ ಅಲ್ಲಿ ಹೋಯಿತು. ಪಾದ್ರಿಯ ಪಟ್ಟವನ್ನೂ ಅವನು ಕಳೆದುಕೊಂಡ. ಇದು ಗೆಲುವು, ಸಂದೇಹವಿಲ್ಲ. ಆದರೆ ನಾಲ್ಕು ವರ್ಷಗಳಲ್ಲಿ ಅದೇ ಮ್ಯುನ್ಶ್‌ಮೆಯರ್ ನಾಜಿ ಪಕ್ಷದ ಸಂಸದನಾಗಿ ಬರ್ಲಿನ್ನಿಗೆ ಬಂದ. ನ್ಯಾಯಾಲಯ ಹೊರಗೆ ಹಾಕಿದವನನ್ನು ಮತದಾರ ಒಳಗೆ ಕರೆದುಕೊಂಡ. ಸಂಘದ ಇಡೀ ಚರಿತ್ರೆಯ ಸಂಕಟ ಈ ಒಂದು ಪ್ರಕರಣದಲ್ಲಿದೆ.

ಇನ್ನೊಂದು ಜಾಡು ಹಿಡಿದು ಹೊರಟೆ, ಅದು ಬೂದಿಯಲ್ಲಿ ಕೊನೆಯಾಯಿತು. 1914ರ ಆಗಸ್ಟ್‌ನಲ್ಲಿ ಯುದ್ಧ ಶುರುವಾದಾಗ, ಕರ್ತವ್ಯಕ್ಕಿಂತ ಹೆಚ್ಚಾಗಿ ನಿಮ್ಮನ್ನು ದೇಶಕ್ಕೆ ಕೊಡಿ ಎಂದು ಸಂಘ ಸದಸ್ಯರಿಗೆ ಕರೆ ಕೊಟ್ಟಿತು. ಮಾನ್‌ಹೈಮ್‌ನ ಸಂಸದ ಲುಡ್ವಿಗ್ ಫ್ರಾಂಕ್ ನಲವತ್ತರ ವಯಸ್ಸಿನಲ್ಲಿ ಸ್ವಯಂಸೇವಕನಾಗಿ ಹೊರಟು ಸೆಪ್ಟೆಂಬರ್ 3ರಂದು ಯುದ್ಧಭೂಮಿಯಲ್ಲಿ ಬಿದ್ದರು. ಸುಮಾರು ಒಂದು ಲಕ್ಷ ಯೆಹೂದಿಗಳು ಜರ್ಮನ್ ಸಮವಸ್ತ್ರ ತೊಟ್ಟರು, ಸುಮಾರು 12,000 ಮಂದಿ ಮರಳಲಿಲ್ಲ. ಇಡೀ ಸಮುದಾಯದ ಸಂಖ್ಯೆಯೇ ಸುಮಾರು ಆರು ಲಕ್ಷವಿತ್ತು. ಹೀಗಿರುವಾಗ, ಯೆಹೂದಿಗಳು ಯುದ್ಧದಿಂದ ನುಣುಚಿಕೊಳ್ಳುತ್ತಿದ್ದಾರೆಂಬ ದೂರುಗಳ ನೆಪದಲ್ಲಿ ಪ್ರಷ್ಯದ ಯುದ್ಧ ಸಚಿವ 1916ರ ಅಕ್ಟೋಬರ್ 11ರಂದು ಆಜ್ಞೆ ಹೊರಡಿಸಿದ. ಸೇನೆಯಲ್ಲಿರುವ ಯೆಹೂದಿಗಳನ್ನು ಮಾತ್ರ ಬೇರೆಯಾಗಿ ಎಣಿಸಬೇಕು, ಎಷ್ಟು ಜನ ಮುಂಚೂಣಿಯಲ್ಲಿದ್ದಾರೆ, ಎಷ್ಟು ಜನ ಹಿಂದೆ ಕೂತಿದ್ದಾರೆ ಎಂದು ಲೆಕ್ಕ ಕೊಡಬೇಕು ಎಂಬ ಆಜ್ಞೆ ಅದು. ನವೆಂಬರ್ 1ರಂದು ಎಣಿಕೆ ನಡೆಯಿತು. ಫಲಿತಾಂಶವನ್ನು ಸರ್ಕಾರ ಎಂದೂ ಪ್ರಕಟಿಸಲಿಲ್ಲ. ಆ ಮೌನವೇ ಮುಂದೆ ಯೆಹೂದಿ ದ್ವೇಷಿಗಳಿಗೆ ಬಂಡವಾಳವಾಯಿತು.

ಮೂಲ ನಮೂನೆಗಳು ಸಿಕ್ಕರೆ ಸುಳ್ಳು ಎಲ್ಲಿ ಬೆರೆಯಿತೆಂದು ತೋರಿಸಬಹುದಿತ್ತು. ಪ್ರಷ್ಯದ ಸೇನಾ ಕಡತಗಳಿದ್ದ ಪಾಟ್ಸ್‌ಡ್ಯಾಮ್ ಸೇನಾ ದಾಖಲೆಗೃಹ 1945ರ ಏಪ್ರಿಲ್‌ನ ಬಾಂಬ್ ದಾಳಿಯಲ್ಲಿ ಸುಟ್ಟುಹೋಯಿತು. ಆದರೆ ಯೆಹೂದಿ ಸಂಘಟನೆಗಳು ಆ ಬೆಂಕಿಗೆ ಕಾಯದೆ ತಮ್ಮ ಲೆಕ್ಕವನ್ನು ತಾವೇ ಮಾಡಿಟ್ಟಿದ್ದವು. 1921ರಲ್ಲಿ ಸಂಖ್ಯಾಶಾಸ್ತ್ರಜ್ಞ ಯಾಕೋಬ್ ಸೆಗಾಲ್, ಮರುವರ್ಷ ಸಮಾಜಶಾಸ್ತ್ರಜ್ಞ ಫ್ರಾಂಟ್ಸ್ ಓಪನ್‌ಹೈಮರ್ ಈ ಎಣಿಕೆಯ ಹುಳುಕನ್ನು ಅಂಕಿಗಳಿಂದಲೇ ತೋರಿಸಿದರು. ಯೆಹೂದಿ ಮಾಜಿ ಸೈನಿಕರ ಸಂಘ 1932ರಲ್ಲಿ ಮಡಿದವರ ಹೆಸರುಗಳನ್ನೇ ಒಂದು ಗ್ರಂಥವಾಗಿ ಅಚ್ಚು ಹಾಕಿ ಅಧ್ಯಕ್ಷ ಹಿಂಡನ್‌ಬರ್ಗ್‌ಗೆ ಒಪ್ಪಿಸಿತು. ಮರುವರ್ಷ ಏಪ್ರಿಲ್‌ನಲ್ಲಿ ಯೆಹೂದಿಗಳನ್ನು ಸರ್ಕಾರಿ ನೌಕರಿಯಿಂದ ಹೊರಹಾಕುವ ಕಾನೂನು ಬಂದಾಗ, ಹಿಂಡನ್‌ಬರ್ಗ್ ಒತ್ತಾಯಿಸಿದ್ದರಿಂದ ಮುಂಚೂಣಿಯಲ್ಲಿ ಹೋರಾಡಿದವರಿಗೆ ವಿನಾಯಿತಿ ಸಿಕ್ಕಿತು. ಜೊತೆಗೇ ಬಂದ ವಕೀಲರ ಕಾನೂನಿನಲ್ಲೂ ಅಂಥದೇ ವಿನಾಯಿತಿ ಇತ್ತು. ಯೆಹೂದಿ ವಕೀಲರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಿನಾಯಿತಿಯ ಅಡಿ ಉಳಿದುಕೊಂಡರು. ನುಣುಚಿಕೊಂಡವರೆಂದು ಬಗೆದವರು ಅಷ್ಟೊಂದು ಮಂದಿ ಸೈನಿಕರನ್ನು ಕಂಡು ಬೆರಗಾದರು. 1935ರಲ್ಲಿ ನ್ಯೂರೆಂಬರ್ಗ್ ಕಾನೂನುಗಳ ಬೆನ್ನಿಗೆ ಸರ್ಕಾರಿ ನೌಕರರಿಗಿದ್ದ ವಿನಾಯಿತಿ ಹೋಯಿತು.

ಆ 1933ರ ಅಲೆ ನಮ್ಮೂರನ್ನೂ ಮುಟ್ಟಿತು. ಗ್ಯೋಟಿಂಗನ್‌ನಲ್ಲಿ ಪೀಠ ಕಳೆದುಕೊಂಡ ಮಾಕ್ಸ್ ಬಾರ್ನ್ ಅವರನ್ನು ಸಿ.ವಿ. ರಾಮನ್ ಕರೆಸಿಕೊಂಡರು, 1935–36ರಲ್ಲಿ ಅವರು ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಮಾಡಿದರು. ಅವರ ಸೋದರಳಿಯ, ಬರ್ಲಿನ್ನಿನ ವಾಸ್ತುಶಿಲ್ಪಿ ಓಟ್ಟೋ ಕೋನಿಗ್ಸ್‌ಬರ್ಗರ್, 1939ರಲ್ಲಿ ಮೈಸೂರು ಸಂಸ್ಥಾನದ ವಾಸ್ತುಶಿಲ್ಪಿಯಾಗಿ ಬಂದರು. ಅವರು ರೂಪಿಸಿದ ಕಟ್ಟಡಗಳ ಮುಂದೆ ಬೆಂಗಳೂರಿಗರು ಈಗಲೂ ಹಾದುಹೋಗುತ್ತಾರೆ.

ಕಡತಗಳತ್ತ ಮರಳೋಣ. ಸಂಘದ ಒಳಗೆ ಏನು ಗೊತ್ತಿತ್ತು ಎಂಬುದಕ್ಕೆ ಒಂದು ದಾರಿ ಲಂಡನ್ನಿನ ರಸೆಲ್ ಸ್ಕ್ವೇರ್‌ನಲ್ಲಿರುವ ವೀನರ್ ಗ್ರಂಥಾಲಯ. ಆಲ್ಫ್ರೆಡ್ ವೀನರ್ ಪಾಟ್ಸ್‌ಡ್ಯಾಮ್‌ನಲ್ಲಿ ಹುಟ್ಟಿದ ಅರಬ್ಬಿ ವಿದ್ವಾಂಸ, ಯುದ್ಧದಲ್ಲಿ ಐರನ್ ಕ್ರಾಸ್ ಪಡೆದವರು, ಆಮೇಲೆ ಕೇಂದ್ರ ಸಂಘದ ನೌಕರ. 1919ರಲ್ಲೇ ಅವರು ಬರೆದ ಕಿರುಹೊತ್ತಗೆಯ ಶೀರ್ಷಿಕೆ, ಹತ್ಯಾಕಾಂಡಗಳ ಹೊಸ್ತಿಲಲ್ಲಿದ್ದೇವೆಯೇ ಎಂದು ಕೇಳುತ್ತದೆ. ನಾಜಿ ಪಕ್ಷ ಹೆಸರು ಪಡೆಯುವುದಕ್ಕೂ ಮುಂಚಿನ ಪ್ರಶ್ನೆ ಅದು. 1920ರ ದಶಕದ ಕೊನೆಗೆ ಸಂಘವು ಬರ್ಲಿನ್ನಿನ ಮಂತ್ರಾಲಯಗಳ ಬೀದಿಯಾದ ವಿಲ್‌ಹೆಲ್ಮ್‌ಸ್ಟ್ರಾಸೆಯಲ್ಲಿ, ತನ್ನ ಹೆಸರು ಎಲ್ಲೂ ಕಾಣದಂತೆ, ಒಂದು ಕಚೇರಿ ತೆರೆಯಿತು. ನಾಜಿಗಳ ಭಾಷಣ, ಕರಪತ್ರ, ಪತ್ರಿಕೆಗಳನ್ನು ಅಲ್ಲಿ ಕೂಡಿಹಾಕಿ, ಯುದ್ಧಾನಂತರದ ಗಣರಾಜ್ಯದ ಪರ ನಿಂತ ಪಕ್ಷಗಳ ಭಾಷಣಕಾರರಿಗೆ ಕೈಪಿಡಿಗಳನ್ನು ಒದಗಿಸುತ್ತಿದ್ದರು. ಈ ಕೆಲಸದ ಬೆನ್ನೆಲುಬು ಹಾನ್ಸ್ ರೈಶ್‌ಮನ್ ಎಂಬ ವಕೀಲ. ಕುರುಡರು ಇಂಥ ಕಚೇರಿ ತೆರೆಯುವುದಿಲ್ಲ.

1933ರಲ್ಲಿ ಆ ಸಂಗ್ರಹ ನಾಶವಾಯಿತು. ವೀನರ್ ಆಮ್‌ಸ್ಟರ್‌ಡ್ಯಾಮ್‌ಗೆ ಹೋಗಿ ಮತ್ತೆ ಮೊದಲಿನಿಂದ ಕೂಡಿಸತೊಡಗಿದರು. ಬರ್ನ್ ನಗರದಲ್ಲಿ ಸ್ವಿಸ್ ಯೆಹೂದಿಗಳು ಯೆಹೂದಿಗಳು ಜಗತ್ತನ್ನು ಆಳಲು ಸಂಚು ಹೂಡಿದ್ದಾರೆನ್ನುವ ‘ಸೀಯೋನಿನ ಹಿರಿಯರ ಪ್ರೋಟೋಕಾಲ್‌ಗಳು’ ಎಂಬ ನಕಲಿ ಹೊತ್ತಗೆಯ ವಿರುದ್ಧ ಹೂಡಿದ ಮೊಕದ್ದಮೆಗೆ ಈ ಸಂಗ್ರಹವೂ ಸಾಕ್ಷ್ಯ ಕೊಟ್ಟಿತು. 1935ರ ಮೇ 14ರಂದು ನ್ಯಾಯಾಧೀಶ ವಾಲ್ಟರ್ ಮೆಯರ್ ಅದನ್ನು ಕೃತ್ರಿಮವೆಂದು ಸಾರಿದರು. ಯುದ್ಧ ಶುರುವಾದ ದಿನ, 1939ರ ಸೆಪ್ಟೆಂಬರ್ 1ರಂದು, ವೀನರ್ ಅವರ ಗ್ರಂಥಾಲಯ ಲಂಡನ್ನಿನಲ್ಲಿ ಬಾಗಿಲು ತೆರೆಯಿತು. ಅವರ ಪತ್ನಿ ಮಾರ್ಗರೆಟ್ ಮತ್ತು ಮೂವರು ಹೆಣ್ಣುಮಕ್ಕಳು ಹಾಲೆಂಡಿನಲ್ಲಿ ಸಿಕ್ಕಿಬಿದ್ದು ಬರ್ಗನ್-ಬೆಲ್ಸನ್ ಶಿಬಿರ ಸೇರಿದರು. 1945ರ ಜನವರಿಯಲ್ಲಿ ಕೈದಿಗಳ ವಿನಿಮಯದಲ್ಲಿ ಬಿಡುಗಡೆಯಾಗಿ ಸ್ವಿಟ್ಜರ್ಲೆಂಡ್ ಮುಟ್ಟಿದ ಕೂಡಲೇ ಮಾರ್ಗರೆಟ್ ತೀರಿಕೊಂಡರು. ಮಕ್ಕಳು ಉಳಿದರು.

ಹಾನ್ಸ್ ರೈಶ್‌ಮನ್ ಅವರ ಪತ್ನಿ ಇವಾ ಕೂಡ 1924ರಿಂದ ಸಂಘದಲ್ಲಿ ದುಡಿದವರು. 1938ರ ನವೆಂಬರ್‌ನಲ್ಲಿ ಗಂಡನನ್ನು ಸಾಕ್ಸನ್‌ಹೌಸನ್ ಶಿಬಿರಕ್ಕೆ ಹಾಕಿದರು. ಬಿಡುಗಡೆಯಾದ ಮೇಲೆ ಇಬ್ಬರೂ ಇಂಗ್ಲೆಂಡ್ ಸೇರಿದರು. 1950ರ ದಶಕದಲ್ಲಿ ಇವಾ ಈ ಗ್ರಂಥಾಲಯಕ್ಕಾಗಿ ಸಾವಿರಕ್ಕೂ ಹೆಚ್ಚು ಪ್ರತ್ಯಕ್ಷ ಸಾಕ್ಷಿಗಳ ಹೇಳಿಕೆ ಬರೆಸಿದರು. ಬದುಕುಳಿದವರ ಮಾತಿಗೆ ಹೆಚ್ಚು ಜನ ಕಿವಿಗೊಡದಿದ್ದ ಕಾಲದಲ್ಲಿ ಮಾಡಿದ ಕೆಲಸ ಅದು. ಸಂಘದಲ್ಲಿ ಕಲಿತ ಶಿಸ್ತು, ಅಂದರೆ ದಿನಾಂಕ, ಊರು, ಸಾಕ್ಷಿ ಇಲ್ಲದೆ ಮಾತಾಡಬಾರದೆಂಬ ಶಿಸ್ತು, ಆ ಹೇಳಿಕೆಗಳಲ್ಲಿ ಎದ್ದು ಕಾಣುತ್ತದೆ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ದೊಡ್ಡ ವ್ಯಕ್ತಿ ಇವಾ ರೈಶ್‌ಮನ್. ಅವರು 1998ರವರೆಗೆ, ನೂರು ದಾಟಿ ಬದುಕಿದರು.

ಸಂಘದ ಕಡತಗಳು ಎಲ್ಲಿದ್ದವು? ನಾಜಿ ಭದ್ರತಾ ಸೇವೆ ಅವುಗಳನ್ನು ಸುಡಲಿಲ್ಲ. ಶತ್ರುವನ್ನು ಅಭ್ಯಾಸ ಮಾಡಲೆಂದು ಅದೊಂದು ವಿಭಾಗವನ್ನೇ ಇಟ್ಟುಕೊಂಡಿತ್ತು, ಕೊಳ್ಳೆಹೊಡೆದ ಕಾಗದಗಳೆಲ್ಲ ಅಲ್ಲಿಗೆ ಸೇರುತ್ತಿದ್ದವು. ಬರ್ಲಿನ್ ಮೇಲೆ ಬಾಂಬು ಸುರಿಯತೊಡಗಿದಾಗ ಆ ರಾಶಿಯನ್ನು ಪೂರ್ವದ ಸೈಲೀಸಿಯದ ಕೋಟೆಮನೆಗಳಿಗೆ ಸಾಗಿಸಿದರು. 1945ರಲ್ಲಿ ಅಲ್ಲಿಗೆ ಬಂದ ಕೆಂಪು ಸೇನೆ ಇಂಥ ರಾಶಿಗಳನ್ನು ಮಾಸ್ಕೋಗೆ ಒಯ್ದಿತು. 1946ರಲ್ಲಿ ಅವುಗಳಿಗಾಗಿಯೇ ‘ವಿಶೇಷ ದಾಖಲೆಗೃಹ’ ಹುಟ್ಟಿತು. ಅಂಥದೊಂದು ಇದೆಯೆಂಬುದೇ ಹೊರಗಿನವರಿಗೆ ಗೊತ್ತಿರಲಿಲ್ಲ. 1990ರ ಫೆಬ್ರವರಿಯಲ್ಲಿ ‘ಇಜ್ವೆಸ್ತಿಯಾ’ ಪತ್ರಿಕೆಯ ಎಲ್ಲಾ ಮಾಕ್ಸಿಮೋವಾ ಎಂಬುವರು ಸರಣಿ ಲೇಖನ ಬರೆದಾಗ ಗುಟ್ಟು ಹೊರಬಿತ್ತು. ಈಗ ಅದು ರಷ್ಯದ ರಾಜ್ಯ ಸೇನಾ ದಾಖಲೆಗೃಹದ ಭಾಗ. ಕೇಂದ್ರ ಸಂಘದ ಕಾಗದಗಳು ಅಲ್ಲಿನ 721ನೆಯ ಸಂಗ್ರಹ. ಅವು ಜರ್ಮನಿಗೆ ಮರಳಲಿಲ್ಲ. ಆದರೆ ಮೈಕ್ರೋಫಿಲ್ಮ್ ಪ್ರತಿಗಳು ವಾಷಿಂಗ್ಟನ್, ಲಂಡನ್, ಜೆರುಸಲೇಮ್ ತಲುಪಿವೆ.

ಫಿಲ್ಮಿನ ಸುರುಳಿಗಳಲ್ಲಿ ಸಂಘದ ಒಳದನಿ ಕೇಳುತ್ತದೆ. ಸಣ್ಣ ಊರುಗಳ ಶಾಖೆಗಳಿಂದ ಬರ್ಲಿನ್ನಿಗೆ ಬಂದ ಪತ್ರಗಳು, ಅವುಗಳಿಗೆ ಬರೆದ ಉತ್ತರಗಳು: ಅಂಗಡಿಯ ಮುಂದೆ ನಿಂತ ಬಹಿಷ್ಕಾರದ ಪಹರೆ, ಜಾನುವಾರು ವ್ಯಾಪಾರಿಯ ಜೊತೆ ವ್ಯವಹಾರ ನಿಲ್ಲಿಸಿದ ರೈತರು, ದೂರು ಬರೆದುಕೊಳ್ಳದ ಪೊಲೀಸರು, ಯಾವ ಹೋಟೆಲಿಗೆ ಹೋಗಬಹುದೆಂದು ಕೇಳುವ ಸಂಸಾರಗಳು. ಇಸ್ರೇಲಿನ ಅವ್ರಹಾಮ್ ಬರ್ಕಾಯ್ 2002ರಲ್ಲಿ ಈ ಕಡತಗಳ ಆಧಾರದಿಂದ ಸಂಘದ ಪೂರ್ಣ ಚರಿತ್ರೆ ಬರೆದರು. ಫ್ರಾಂಕ್ ಬಾಯೋರ್ ಕಡಲತೀರದ ಊರುಗಳ ಯೆಹೂದಿ ದ್ವೇಷವನ್ನೂ, ಮಿಖಾಯೆಲ್ ವಿಲ್ಟ್ ಸಣ್ಣ ಪಟ್ಟಣಗಳ ಹಿಂಸೆಯನ್ನೂ ಬಿಡಿಸಿಟ್ಟರು. ಹಿಂಸೆ ಬರ್ಲಿನ್ನಿನ ಆಜ್ಞೆಗಾಗಿ ಕಾಯಲಿಲ್ಲ, ಊರೂರಿನ ನೆರೆಹೊರೆಯವರೇ ಹತ್ತಿರದಿಂದ ಶುರುಮಾಡಿದರು ಎಂಬುದಕ್ಕೆ ವಿಲ್ಟ್ ಅವರ ಗ್ರಂಥ ಓದಿದರೆ ಸಂದೇಹ ಉಳಿಯುವುದಿಲ್ಲ.

ಸಂಘದ್ದು ತಪ್ಪೇ ಇಲ್ಲವೆಂದಲ್ಲ. ಯೆಹೂದಿಗಳಿಗೆ ಪ್ಯಾಲೆಸ್ಟೈನಿನಲ್ಲಿ ಸ್ವಂತ ನಾಡು ಬೇಕೆಂದ ಸೀಯೋನ್‌ವಾದಿಗಳ ಜೊತೆಗಿನ ಜಗಳಕ್ಕೆ ಅದು ಅತಿಯಾಗಿ ಶಕ್ತಿ ಸುರಿಯಿತು. 1933ರ ಮಾರ್ಚ್ 25ರಂದು ನಾಜಿ ಸಚಿವ ಗೋರಿಂಗ್ ಯೆಹೂದಿ ಮುಖಂಡರನ್ನು ಕರೆಸಿ, ವಿದೇಶಗಳಲ್ಲಿ ಬರುತ್ತಿರುವ ಸುದ್ದಿ ನಿಲ್ಲಿಸಿ ಎಂದು ಗದರಿದಾಗ, ಸಂಘವೂ ಸೇರಿ ಒಂದು ನಿಯೋಗ ಲಂಡನ್ನಿಗೆ ಹೋಯಿತು. ಕತ್ತು ಹಿಡಿದವನ ಮಾತಿಗೆ ಹೂಂಗುಟ್ಟಿದ್ದನ್ನು ದೂರದಲ್ಲಿ ಕುಳಿತು ದೂಷಿಸುವುದು ನನ್ನಿಂದಾಗದು, ಆದರೆ ಅದರಿಂದ ಏನೂ ಒಳಿತಾಗಲಿಲ್ಲ. 1935ರಲ್ಲಿ ‘ಜರ್ಮನ್ ಪ್ರಜೆಗಳು’ ಎಂಬ ಹೆಸರನ್ನೇ ಸಂಘ ಬಿಟ್ಟುಕೊಡಬೇಕಾಯಿತು. ಆ ಹೊತ್ತಿಗೆ ಯೆಹೂದಿಗಳು ಪ್ರಜೆಗಳಲ್ಲವೆಂದು ಕಾನೂನೇ ಸಾರಿತ್ತು.

ಇಷ್ಟು ನೋಡಿದ ಮೇಲೆ ನನ್ನ ತೀರ್ಪು ಇದು. 1920ರ ದಶಕದ ನಡುವೆ ಅರವತ್ತು ಸಾವಿರಕ್ಕೂ ಹೆಚ್ಚು ಸದಸ್ಯರಿದ್ದ ಈ ಸಂಘ ಅಪಾಯವನ್ನು ಕಂಡಿತ್ತು, ಬರೆದಿತ್ತು, ಸಾರಿತ್ತು. ದೇಶದ ಜನಸಂಖ್ಯೆಯಲ್ಲಿ ನೂರಕ್ಕೆ ಒಂದರಷ್ಟೂ ಇಲ್ಲದವರು ನ್ಯಾಯಾಲಯ, ಪತ್ರಿಕೆ, ಮತಪೆಟ್ಟಿಗೆಯ ದಾರಿಯಲ್ಲಿ ಮಾಡಬಹುದಾದುದನ್ನೆಲ್ಲ ಮಾಡಿದರು. ಸೋಲಿನ ಹೊಣೆ ಅವರ ಜೊತೆ ನಿಲ್ಲದ ನ್ಯಾಯಾಧೀಶರದ್ದು, ಪೊಲೀಸರದ್ದು, ಪಕ್ಷಗಳದ್ದು, ಪಕ್ಕದ ಮನೆಯವರದ್ದು. ಜರ್ಮನ್ ಬಲ್ಲ ಕನ್ನಡದ ಎಳೆಯ ಸಂಶೋಧಕರಲ್ಲಿ ಒಂದು ಕೋರಿಕೆ: ‘ಇಮ್ ಡಾಯ್ಚನ್ ರೈಶ್’ ಮತ್ತು ‘ಸಿ.ವಿ. ಸೈಟುಂಗ್’ ಸಂಪುಟಗಳು ಯಾರು ಬೇಕಾದರೂ ಓದುವಂತೆ ತೆರೆದಿವೆ. ಬೋರ್ಕುಮ್‌ನ ಮೊಕದ್ದಮೆಯಿಂದ ಓದಲು ಶುರುಮಾಡಿ, ಅದನ್ನು ಕನ್ನಡಕ್ಕೆ ತನ್ನಿ.